ಸಪೂರ ಮೈಯ ಹಿಂದಿನ ಕಥೆ

ಸುದ್ದಿವಾಹಿನಿಗಳಲ್ಲಿ ತೂಕ ಅಂದ ಕೂಡಲೇ ಬರುವ ವಿಷಯ ಒಂದೇ. ಇಳಿಸೋದು ಹೇಗೆ? ಹೊಟ್ಟೆ ಕರಗಿಸೋದು ಹೇಗೆ? ವಾಕಿಂಗ್, ಡಯಟ್, ನಿಂಬೆಹಣ್ಣಿನ ನೀರು. ನಾವೂ ಅದನ್ನೇ ತೋರಿಸ್ತೀವಿ, ನೀವೂ ಅದನ್ನೇ ನೋಡ್ತೀರಿ. ಆದರೆ ಇನ್ನೊಂದು ಕಡೆ ಒಂದು ಗುಂಪು ಇದೆ. ಎಷ್ಟು ತಿಂದರೂ ಮೈಗೆ ಹತ್ತದವರು. ದಿನವಿಡೀ ಓಡಾಡುವವರು. ಪುತ್ತೂರು, ಸುಳ್ಯ, ಕಡಬದ ಕಡೆ ಇವರಿಗೆ ಒಂದು ಚಂದದ ಪದ ಇದೆ: ಸಪೂರ. ಮದುವೆಮನೆಗೆ ಹೋದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳ್ತಾರೆ: "ಏನಾ, ಮನೆಯಲ್ಲಿ ಊಟ ಹಾಕುವುದಿಲ್ವಾ?"

ತಮಾಷೆಗೆ ಕೇಳುವ ಪ್ರಶ್ನೆ ಅದು. ಆದರೆ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದು ಇತಿಹಾಸದ ಪ್ರಶ್ನೆ. ಇಲ್ಲಿ ನಿಜವಾಗಿಯೂ ಊಟ ಇಲ್ಲದ ಕಾಲ ಇತ್ತು. ಊಟ ಇದ್ದೂ ಮೈಗೆ ಹತ್ತದ ಕಾಲವೂ ಇತ್ತು. ಇವತ್ತು ಸಪೂರ ಹುಡುಗನೊಬ್ಬ ಅಂಗಡಿಗೆ ಹೋಗಿ ದಪ್ಪ ಆಗುವ ಪುಡಿಯ ಡಬ್ಬಿ ಕೇಳುವ ಮೊದಲು ಈ ಕಥೆ ತಿಳಿದಿದ್ದರೆ ಒಳ್ಳೆಯದು ಅಂತ ನನಗೆ ಅನಿಸುತ್ತೆ.

ಮೊದಲು ಒಂದು ವಿಚಿತ್ರ ನೋಡಿ. ಕರಾವಳಿ ಅಂದರೆ ಅಕ್ಕಿಯ ನಾಡು. ಪೋರ್ಚುಗೀಸರ ಕಾಲದಿಂದಲೂ ಮಂಗಳೂರು, ಬಸರೂರಿನ ಬಂದರುಗಳಿಂದ ಅಕ್ಕಿ ಹಡಗು ಹತ್ತಿ ಗೋವೆಗೆ, ಮಲಬಾರಿಗೆ, ಅರಬರ ನಾಡಿಗೆ ಹೋಗುತ್ತಿತ್ತು. ಹೊರಗಿನವರ ಹೊಟ್ಟೆ ತುಂಬಿಸಿದ ಸೀಮೆ ಇದು. ಹಾಗಾದರೆ ಬೆಳೆದವನ ಮೈ ಯಾಕೆ ಸಪೂರ?

ಯಾಕೆ ಗೊತ್ತಾ? ಬೆಳೆದ ಅಕ್ಕಿ ಅವನದಾಗಿರಲಿಲ್ಲ.

1834ರಲ್ಲಿ ಬ್ರಿಟಿಷರು ಕೊಡಗಿನ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿದರು. ಅದುವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ರೈತ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕಂಪನಿ ಸರ್ಕಾರ ಹೇಳಿತು: ಅಕ್ಕಿ ಬೇಡ, ನಗದು ತಾ. ಕೇಳಲು ಸಣ್ಣ ಬದಲಾವಣೆ. ಆದರೆ ಕಾಡಿನಂಚಿನ ರೈತನ ಹತ್ತಿರ ನಗದು ಎಲ್ಲಿಂದ ಬರಬೇಕು? ಕೊಯ್ಲಾದ ಕೂಡಲೇ ಅಕ್ಕಿ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರಿದಾಗ ಬೆಲೆ ಬೀಳುತ್ತದೆ. ಬೆಲೆ ಬಿದ್ದಾಗ ಇನ್ನಷ್ಟು ಮಾರಬೇಕು. ಕಡೆಗೆ ಅಟ್ಟದ ಮೇಲಿನ ಮುಡಿ ಖಾಲಿ.

ಇದಕ್ಕೆ ಉತ್ತರ ಬಂದದ್ದು 1837ರಲ್ಲಿ. ಸುಳ್ಯದ ಪೂಮಲೆಯಿಂದ ಹೊರಟ ರೈತರ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಕೆದಂಬಾಡಿ ರಾಮಯ್ಯ ಗೌಡರು ಇದರ ಮುಂದಾಳುಗಳಲ್ಲಿ ಒಬ್ಬರು. ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. ಹದಿಮೂರು ದಿನ ಮಂಗಳೂರು ರೈತರ ಕೈಯಲ್ಲಿತ್ತು ಅಂತ ಈ ಸೀಮೆಯವರು ಇವತ್ತಿಗೂ ಹೆಮ್ಮೆಯಿಂದ ಹೇಳ್ತಾರೆ. 1857ರ ದಂಗೆಗೆ ಇಪ್ಪತ್ತು ವರ್ಷ ಮೊದಲಿನ ಮಾತು ಇದು! ಬ್ರಿಟಿಷರ ಕಡೆಯವರು ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಅಂತ ಕರೆದು ಲೂಟಿಯ ಪಟ್ಟಿಗೆ ಸೇರಿಸಿಬಿಟ್ಟರು. ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಲು 2022 ಬರಬೇಕಾಯಿತು. ನಾವು ಇದನ್ನು ಸ್ವಾತಂತ್ರ್ಯದ ಹೋರಾಟ ಅಂತ ಹೇಳ್ತೀವಿ. ಸರಿಯೇ. ನಾನು ಒಂದು ಮಾತು ಸೇರಿಸುತ್ತೇನೆ: ಅದು ಅಟ್ಟದ ಮೇಲಿನ ಅಕ್ಕಿಯ ಹೋರಾಟವೂ ಆಗಿತ್ತು.

ದಂಗೆ ಅಡಗಿತು, ಕಂದಾಯ ಉಳಿಯಿತು. ಕಂದಾಯದ ಕೆಳಗೆ ಗೇಣಿ. ಗೇಣಿದಾರ ಧಣಿಯ ಮನೆಗೆ ಮುಡಿ ಹೊತ್ತು ಹಾಕಿದ ಮೇಲೆ ಮಿಕ್ಕದ್ದು ತನ್ನದು. ಗೇಣಿದಾರನ ಕೆಳಗೆ ಒಕ್ಕಲಿಗೂ ಗತಿಯಿಲ್ಲದ ಮೂಲದ ಆಳು. ಅವನಿಗೆ ಸ್ವಂತ ಬೇಸಾಯ ಕನಸಿನ ಮಾತು. ಪುತ್ತೂರಿನಲ್ಲಿ ನೆಲೆ ನಿಂತಿದ್ದ ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದದ್ದು ಅಂಥ ಆಳಿನ ಬಗ್ಗೆಯೇ. ಈ ಏಣಿ ಮುರಿದದ್ದು ದೇವರಾಜ ಅರಸರ ಭೂ ಸುಧಾರಣೆಯಿಂದ. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರ್ಕಾರಕ್ಕೆ, ಅಲ್ಲಿಂದ ಡಿಕ್ಲರೇಶನ್ ಕೊಟ್ಟ ಉಳುವವನಿಗೆ. ಲೆಕ್ಕ ಹಾಕಿ. 1837ರಿಂದ 1974. ನೂರ ಮೂವತ್ತೇಳು ವರ್ಷ. ನಾಲ್ಕೈದು ತಲೆಮಾರು.

ಈಗ ಮಳೆಗೆ ಬರೋಣ. ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವುದು ಮಾಮೂಲು. ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನೇಜಿ ನೆಟ್ಟಾಗಿರುತ್ತೆ, ಕೂಲಿ ಇರುವುದಿಲ್ಲ, ಹಳೆಯ ಅಕ್ಕಿ ಮುಗಿದಿರುತ್ತೆ, ಹೊಸದು ಬಂದಿರುವುದಿಲ್ಲ. ಇವತ್ತು 'ಆಟಿಡೊಂಜಿ ದಿನ' ಅಂತ ಸಭಾಂಗಣಗಳಲ್ಲಿ ಬಡಿಸುತ್ತಾರಲ್ಲ, ಪತ್ರೊಡೆ, ತಜಂಕಿನ ಪಲ್ಯ, ಕಣಿಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಅದು ಹಬ್ಬದ ಊಟ ಅಲ್ಲ ಸ್ವಾಮಿ. ಅದು ಬೇರೇನೂ ಇಲ್ಲದಾಗ ಬದುಕಲು ಕಂಡುಕೊಂಡ ದಾರಿ. ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಆದರೆ ಎಲೆಯ ಮೇಲೆ ಇರುವುದು ಅಜ್ಜಿಯ ಹಸಿವು ಅಂತ ಗೊತ್ತಿರಲಿ.

ಆದರೂ ಆ ಅಜ್ಜಿಯ ಬುದ್ಧಿ ನೋಡಿ. ಬೇಸಿಗೆಯಲ್ಲಿ ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ, ಒಣಗಿಸಿ ಸಾಂತಾಣಿ ಮಾಡಿಟ್ಟಳು. ಹಪ್ಪಳ ಒತ್ತಿಟ್ಟಳು. ಒಣಮೀನು ಕಟ್ಟಿಟ್ಟಳು. ಹುರುಳಿ ಇಟ್ಟಳು. ಆಟಿ ಅಮಾವಾಸ್ಯೆಗೆ ಹಾಲೆಮರದ ಕಹಿ ಕಷಾಯ ಕುಡಿಸಿದ ಮೇಲೆ ತೆಂಗಿನ ಹಾಲು ಹಾಕಿದ ಮೆಂತೆ ಗಂಜಿ ಕೊಟ್ಟಳು. ಬಾಣಂತಿಗೆ ಬೆಲ್ಲ, ತುಪ್ಪ, ತೆಂಗಿನ ಹಾಲಿನ ಲೇಹ್ಯ ಕಾಯಿಸಿದಳು. ಮೈ ತುಂಬಿಸುವುದು ಹೇಗೆ ಅಂತ ಅವಳಿಗೆ ಗೊತ್ತಿತ್ತು. ಇಲ್ಲದ್ದು ಸಾಮಾನು.

ಮೂರನೆಯದು ಜ್ವರ. ಘಟ್ಟದ ಬುಡ ಅಂದರೆ ಮಲೇರಿಯಾದ ತವರು. ಚಳಿಜ್ವರ ಬಂದು ಬಂದು ಗುಲ್ಮ ಊದಿ, ಹೊಟ್ಟೆ ಮುಂದೆ, ಕೈಕಾಲು ಕಡ್ಡಿ. ಅದರ ಜೊತೆಗೆ ಕೊಕ್ಕೆಹುಳ. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ನಡೆಯುವವನ ಪಾದದಿಂದಲೇ ಒಳಹೊಕ್ಕು ಕರುಳಿನಲ್ಲಿ ಕೂತು ರಕ್ತ ಹೀರುವ ಹುಳ ಅದು. ತಿಂದದ್ದು ಅರ್ಧ ನಮಗೆ, ಅರ್ಧ ಹುಳಕ್ಕೆ ಅಂತ ಹಿರಿಯರು ಹೇಳುತ್ತಿದ್ದದ್ದರಲ್ಲಿ ಉತ್ಪ್ರೇಕ್ಷೆ ಕಡಿಮೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ದೇಶದಾದ್ಯಂತ ಮನೆಗೋಡೆಗಳಿಗೆ ಡಿಡಿಟಿ ಬಿತ್ತು. ಮೈ ತುಂಬಿಕೊಳ್ಳಲು ಅನ್ನ ಮಾತ್ರ ಸಾಲದು, ಜ್ವರವೂ ಹುಳವೂ ಹೋಗಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು ನಮ್ಮ ದಕ್ಷಿಣ ಕನ್ನಡ. ಅದೇ ಪ್ರಾಂತ್ಯದ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಊಟದ ಸಂಶೋಧನೆ ನಡೆಸುತ್ತಿದ್ದ. ಇವತ್ತು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಮೂಲ ಅದೇ. 1920ರ ದಶಕದಲ್ಲಿ ಅವನು ಒಂದು ಪ್ರಯೋಗ ಮಾಡಿದ. ಇಲಿಗಳನ್ನು ಗುಂಪು ಮಾಡಿ, ಒಂದಕ್ಕೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಒಂದಕ್ಕೆ ಬಂಗಾಳಿಗಳದು, ಒಂದಕ್ಕೆ ಮದರಾಸಿಗಳದು, ಹೌದು, ಒಂದಕ್ಕೆ ಕನ್ನಡಿಗರದೂ ಹಾಕಿದ. ಸಿಖ್ಖರ ಊಟ ತಿಂದ ಇಲಿ ಎಲ್ಲಕ್ಕಿಂತ ತೂಕ ಬಂತು. ಮದರಾಸಿನ ಊಟದ್ದು ಕೊನೆ. ಕನ್ನಡದ ಇಲಿ ನಡುವಿಗಿಂತ ಕೆಳಗೆ! ಅದರಲ್ಲಿ ಜಾತಿಯ, ರಕ್ತದ ಮಾತೇ ಇಲ್ಲ. ಇಲಿಗಳೆಲ್ಲ ಒಂದೇ ತಳಿ. ವ್ಯತ್ಯಾಸ ತಟ್ಟೆಯದು. ಸಿಖ್ಖರ ತಟ್ಟೆಯಲ್ಲಿ ಧಾನ್ಯದ ಜೊತೆ ಹಾಲು, ಬೆಣ್ಣೆ, ಬೇಳೆ, ತರಕಾರಿ ಇತ್ತು. ಕೊನೆಯ ತಟ್ಟೆಯಲ್ಲಿ ಅಕ್ಕಿಯೇ ಅಕ್ಕಿ.

ನಮ್ಮ ಕುಚ್ಚಲಕ್ಕಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಗಿರಣಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ತಿಂದ ತೆಲುಗು ಕರಾವಳಿಯಲ್ಲಿ ಬೆರಿಬೆರಿ ಬಂತು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವ ಕಡೆ ಆ ರೋಗ ಹತ್ತಿರ ಸುಳಿಯಲಿಲ್ಲ. ಬೇಯಿಸುವಾಗ ತೌಡಿನ ಬಿ ಜೀವಸತ್ವ ಕಾಳಿನ ಒಳಗೆ ಇಳಿಯುತ್ತೆ, ಅದೇ ಗುಟ್ಟು. ಹಾಗಾಗಿ ಗಂಜಿ ತಪ್ಪಲ್ಲ. ಬರೀ ಗಂಜಿ ತಪ್ಪು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಏಳೆಂಟು ಗ್ರಾಂ ಪ್ರೊಟೀನ್. ಅದನ್ನೇ ದೊಡ್ಡ ಬಟ್ಟಲು ಗಂಜಿ ಮಾಡಿದಾಗ ಹೊಟ್ಟೆ ತುಂಬುವುದು ಹೆಚ್ಚಾಗಿ ನೀರಿನಿಂದ.

ಇನ್ನು ದುಡಿಮೆ. ಪೌಷ್ಟಿಕತಾ ಸಂಸ್ಥೆಯ 2020ರ ಲೆಕ್ಕ ಹೇಳುತ್ತೆ: ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಬೇಕು. ಮಧ್ಯಮ ದುಡಿಮೆಗೆ 2710. ಕಠಿಣ ದುಡಿಮೆಗೆ 3470. ಹೆಂಗಸರಿಗೆ 1660ರಿಂದ 2720ರವರೆಗೆ. ಮಳೆಗಾಲದಲ್ಲಿ ಮರದಿಂದ ಮರಕ್ಕೆ ಬಾಗಿ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವವನನ್ನು ನೋಡಿದ್ದೀರಾ? ಗುಡ್ಡ ಹತ್ತಿ ಸೊಪ್ಪು ಹೊತ್ತು ತರುವ ಹೆಂಗಸನ್ನು? ಕಂಬಳದ ಕೆಸರುಗದ್ದೆಯಲ್ಲಿ ಕೋಣದ ಹಿಂದೆ ಹಾರುವವನನ್ನು? ಅವರು ತಿಂದದ್ದೆಲ್ಲ ಸಂಜೆಗೆ ಬೆವರಾಗಿ ಹೋಗುತ್ತೆ. ಉಳಿತಾಯದ ಖಾತೆಗೆ ಬೀಳಲು ಏನಿದೆ?

ಈಗ ನೀವು ಕೇಳ್ತೀರಿ: ಸರಿ, ಅದು ಹಿಂದಿನ ಕಾಲ. ಈಗ ಜ್ವರ ಇಲ್ಲ, ಗೇಣಿ ಇಲ್ಲ, ರೇಷನ್ ಅಕ್ಕಿ ಇದೆ. ನನ್ನ ಮಗ ಮೂರು ಹೊತ್ತು ತಿಂದೂ ಯಾಕೆ ಸಪೂರ?

ಇದಕ್ಕೆ ವಿಜ್ಞಾನ ಉತ್ತರ ಕೊಟ್ಟಿದೆ. ಕೆನಡಾದ ಕ್ಲೋಡ್ ಬುಷಾರ್ ತಂಡ ಹನ್ನೆರಡು ಜೋಡಿ ತದ್ರೂಪಿ ಅವಳಿ ಯುವಕರಿಗೆ, ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿತು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಬ್ಬನಿಗೆ ನಾಲ್ಕು ಕಿಲೋ ಚಿಲ್ಲರೆ ಏರಿದರೆ ಇನ್ನೊಬ್ಬನಿಗೆ ಹದಿಮೂರು ಕಿಲೋ. ಆದರೆ ಅವಳಿಗಳಲ್ಲಿ ಒಬ್ಬನಿಗೆ ಏರಿದಷ್ಟೇ ಹೆಚ್ಚುಕಮ್ಮಿ ಇನ್ನೊಬ್ಬನಿಗೂ! ಅಂದರೆ ಹುಟ್ಟಿನ ಪಾಲು ಇದೆ. 1999ರಲ್ಲಿ ಅಮೆರಿಕದ ಜೇಮ್ಸ್ ಲೆವಿನ್ ಹದಿನಾರು ಜನರಿಗೆ ಎಂಟು ವಾರ ಇದೇ ರೀತಿ ತಿನ್ನಿಸಿದರು. ಕೊಬ್ಬು ಏರಿದ್ದು ಒಬ್ಬರಿಗೆ ಅರ್ಧ ಕಿಲೋಕ್ಕಿಂತ ಕಡಿಮೆ, ಇನ್ನೊಬ್ಬರಿಗೆ ನಾಲ್ಕು ಕಿಲೋಕ್ಕೂ ಹೆಚ್ಚು. ಕಾರಣ? ಏರದವರು ಗೊತ್ತಿಲ್ಲದೆಯೇ ಹೆಚ್ಚು ಚಲಿಸುತ್ತಿದ್ದರು. ಕೂತಲ್ಲಿ ಕೂರುವುದಿಲ್ಲ, ಎದ್ದು ನಿಲ್ಲುತ್ತಾರೆ, ಕಾಲು ಅಲ್ಲಾಡಿಸುತ್ತಾರೆ, ಮನೆ ತುಂಬ ಓಡಾಡುತ್ತಾರೆ. ಊರಲ್ಲಿ ಹೇಳ್ತಾರಲ್ಲ, "ಅವನು ಒಂದು ಕಡೆ ಕೂತರೆ ತಾನೆ ಮೈಗೆ ಹತ್ತೋದು" ಅಂತ. ಅದೇ!

ಹಾಗಾದರೆ ಹೇಗಾದರೂ ತಿಂದು ದಪ್ಪ ಆಗಿಬಿಡೋಣವೇ? ಅಲ್ಲೇ ಅಪಾಯ ಇರೋದು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ಊಟ ಕೊಟ್ಟು ನೋಡಿದ. ತೂಕ ಮರಳಿತು. ಆದರೆ ಮೊದಲು ಮರಳಿದ್ದು ಕೊಬ್ಬು, ಸ್ನಾಯು ನಿಧಾನ. ನಮ್ಮವರ ಕಥೆ ಇನ್ನೂ ಸೂಕ್ಷ್ಮ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ತಮ್ಮ ಮತ್ತು ಬ್ರಿಟಿಷ್ ವೈದ್ಯ ಜಾನ್ ಯುಡ್ಕಿನ್ ಅವರ ಫೋಟೊ ಪಕ್ಕಪಕ್ಕ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1. ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ನೋಡಲು ಸಪೂರ, ಒಳಗೆ ಕೊಬ್ಬು. ತಲೆಮಾರುಗಳಿಂದ ಹಸಿದ ಮೈ ಸಿಕ್ಕಿದ್ದನ್ನು ಸ್ನಾಯುವಿಗಿಂತ ಮೊದಲು ಹೊಟ್ಟೆಯ ಸುತ್ತ ಬಚ್ಚಿಡುತ್ತೆ ಅನ್ನುವುದು ಯಾಜ್ಞಿಕರ ತರ್ಕ. ಭಾರತದಲ್ಲಿ ಸಪೂರ ಜನರಿಗೂ ಸಕ್ಕರೆ ಕಾಯಿಲೆ ಬರೋದಕ್ಕೆ ಇದೊಂದು ಕಾರಣ.

ಹಾಗಾಗಿ ಸಕ್ಕರೆ, ಮೈದಾ, ಕರಿದ ಎಣ್ಣೆಯಿಂದ ತೂಕ ಏರಿಸಿದರೆ ತಕ್ಕಡಿಗೆ ಖುಷಿ, ಮೈಗೆ ಅಲ್ಲ. ಕೈಕಾಲು ಹಾಗೇ ಕಡ್ಡಿ, ನಡುವೆ ಒಂದು ಹೊಟ್ಟೆ. ನಮಗೆ ಬೇಕಾದದ್ದು ಸ್ನಾಯುವಿನ ತೂಕ.

1986ರಲ್ಲಿ ಪುತ್ತೂರಿಗೆ ಎರಡು ದೊಡ್ಡ ಸಂಸ್ಥೆಗಳು ಬಂದವು. ಒಂದು, ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ. ಕೊಕ್ಕೊ ಬೆಳೆಗಾರರ ಕೈ ಹಿಡಿದದ್ದು ಅದು, ನಾನು ಅದನ್ನು ಗೌರವಿಸುತ್ತೇನೆ. ಇನ್ನೊಂದು, ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ. ಚಾಕೊಲೇಟ್ ಬಾಯಿಗೆ ರುಚಿ, ಹಬ್ಬಕ್ಕಿರಲಿ. ಆದರೆ ಸಪೂರ ಹುಡುಗನ ದಿನನಿತ್ಯದ ಮದ್ದು ಗೇರುಬೀಜದಲ್ಲಿದೆ, ಅದೂ ಹಿತ್ತಿಲಲ್ಲೇ.

ಲೆಕ್ಕ ಕೊಡುತ್ತೇನೆ. ಈಗ ತಿನ್ನುವುದರ ಮೇಲೆ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚಿಸಿದರೆ ಸಾಕು. ಒಂದು ಹಿಡಿ, ಅಂದರೆ 30 ಗ್ರಾಂ ಗೇರುಬೀಜ, ಒಂದು ನೇಂದ್ರಬಾಳೆ, ಒಂದು ಲೋಟ ಹಾಲು. ಇಷ್ಟಕ್ಕೇ ಹೆಚ್ಚುಕಮ್ಮಿ 400 ಆಯಿತು. ಗೇರುಬೀಜ ದುಬಾರಿ ಅಂದರೆ ನೆಲಗಡಲೆ. ಅದರಲ್ಲಿ ಪ್ರೊಟೀನ್ ಇನ್ನೂ ಹೆಚ್ಚು. ಐವತ್ತು ಕಿಲೋ ತೂಗುವವನಿಗೆ ಸ್ನಾಯು ಕಟ್ಟಲು ದಿನಕ್ಕೆ 60ರಿಂದ 80 ಗ್ರಾಂ ಪ್ರೊಟೀನ್ ಬೇಕು. ಎರಡು ಮೊಟ್ಟೆಯಲ್ಲಿ 12 ಗ್ರಾಂ. ನೂರು ಗ್ರಾಂ ಬಂಗುಡೆಯಲ್ಲಿ 20ರ ಹತ್ತಿರ. ಐವತ್ತು ಗ್ರಾಂ ಹುರುಳಿಯಲ್ಲಿ 11. ಮೀನು ಮೊಟ್ಟೆ ತಿನ್ನದವರು ಹುರುಳಿ, ಹೆಸರು, ಕಡಲೆ, ಮೊಸರು ಹೆಚ್ಚಿಸಿ. ಗಂಜಿ ಬಿಡಬೇಡಿ, ನೀರು ಕಡಿಮೆ ಮಾಡಿ, ತೆಂಗಿನಕಾಯಿ ಚಟ್ನಿ, ಹುರುಳಿ ಪಲ್ಯ ಜೊತೆಗಿಡಿ. ಮೂರು ಊಟದ ನಡುವೆ ಎರಡು ತಿಂಡಿ ಬರಲಿ. ಊಟಕ್ಕೆ ಮೊದಲು ಚಹಾ ಕುಡಿದು ಹಸಿವು ಕೊಲ್ಲಬೇಡಿ.

ಓಡಾಟ ನಿಲ್ಲಿಸಬೇಕಾ? ಖಂಡಿತಾ ಬೇಡ. ಅದರ ಜೊತೆ ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಸೇರಿಸಿ. ದಂಡ, ಬೈಠಕ್, ಭಾರ ಎತ್ತುವುದು. ಕೋಟಿ ಚೆನ್ನಯರ ಗರಡಿಗಳಿರುವ ಸೀಮೆ ಇದು. ಪಡುಮಲೆಯಿಂದ ಎಣ್ಮೂರಿನವರೆಗೆ ದೇಹಬಲವನ್ನೇ ದೈವ ಮಾಡಿದ ಜನ ನಾವು, ನಮಗೆ ಇದನ್ನು ಹೊರಗಿನವರು ಕಲಿಸಬೇಕಾ? ವಾರಕ್ಕೆ ಕಾಲು ಕಿಲೋ, ಹೆಚ್ಚೆಂದರೆ ಅರ್ಧ ಕಿಲೋ ಏರಲಿ. ಆರು ತಿಂಗಳ ಕೆಲಸ ಇದು. ಹದಿನೈದು ದಿನದಲ್ಲಿ ಐದು ಕಿಲೋ ಅಂತ ಯಾರಾದರೂ ಹೇಳಿದರೆ ಅಂಗಡಿಯಿಂದ ಹೊರಗೆ ಬನ್ನಿ. ಹೆಸರಿಲ್ಲದ ಪುಡಿ, ಮಾತ್ರೆಗಳಲ್ಲಿ ಸ್ಟಿರಾಯ್ಡ್ ಇರಬಹುದು. ಅದರಿಂದ ಮುಖ ಊದುತ್ತೆ, ಮೂಳೆ ಸವೆಯುತ್ತೆ, ಸಕ್ಕರೆ ಏರುತ್ತೆ.

ಇನ್ನು, ಎಲ್ಲ ಸಪೂರವೂ ಹುಟ್ಟಿನ ಸಪೂರ ಅಲ್ಲ. ಐದಡಿ ಏಳಿಂಚಿನವನು 54 ಕಿಲೋ ದಾಟಿ, ಚಿಕ್ಕಂದಿನಿಂದ ಹಾಗೇ ಇದ್ದು, ಉಲ್ಲಾಸವಾಗಿ ಓಡಾಡುತ್ತಿದ್ದರೆ ಹೆದರಬೇಕಾಗಿಲ್ಲ. ಅವನನ್ನು ಅವನ ಪಾಡಿಗೆ ಬಿಡಿ. ಆದರೆ ಬಿಎಂಐ 18.5ಕ್ಕಿಂತ ಕೆಳಗಿದ್ದರೆ, ಅಥವಾ ಪ್ರಯತ್ನವೇ ಇಲ್ಲದೆ ಆರು ತಿಂಗಳಲ್ಲಿ ತೂಕದ ಇಪ್ಪತ್ತರಲ್ಲಿ ಒಂದು ಪಾಲು ಇಳಿದಿದ್ದರೆ, ಮೊದಲು ವೈದ್ಯರ ಹತ್ತಿರ ಹೋಗಿ. ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆ, ಹೊಟ್ಟೆಯ ಹುಳ, ಮನಸ್ಸಿನ ಖಿನ್ನತೆ, ಯಾವುದೂ ಇರಬಹುದು. ಜ್ವರವೂ ಹುಳವೂ ಹೋಗದೆ ಅನ್ನ ಮೈಗೆ ಹತ್ತುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಈ ಇತಿಹಾಸದಲ್ಲಿ ಒಳ್ಳೆಯ ಸುದ್ದಿಯೂ ಇದೆ. ಅಂದು ಸರ್ಕಾರ ಅಟ್ಟದ ಅಕ್ಕಿಯನ್ನು ಕೆಳಗಿಳಿಸಿ ಒಯ್ದಿತ್ತು. ಇಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ ಒಪ್ಪಂದವಾಗಿ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊಟ್ಟೆ ಕೊಡಬೇಕೋ ಬೇಡವೋ ಅಂತ ನಮ್ಮ ಸ್ಟುಡಿಯೋಗಳಲ್ಲಿ ಎಷ್ಟು ರಾತ್ರಿ ಕೂಗಾಡಿದ್ದೇವೆ! ಆ ಕೂಗಾಟದಲ್ಲಿ ಕುಳಿತವರ ಯಾರ ಮಕ್ಕಳೂ ಅರೆಹೊಟ್ಟೆಯಲ್ಲಿ ಇರಲಿಲ್ಲ. ಮೆಕ್‌ಕ್ಯಾರಿಸನ್‌ನ ಇಲಿಗಳು ನೂರು ವರ್ಷ ಹಿಂದೆಯೇ ತೀರ್ಪು ಕೊಟ್ಟಾಗಿತ್ತು: ಅಕ್ಕಿಯ ಪಕ್ಕದಲ್ಲಿ ಹಾಲು, ಬೇಳೆ ಇರಬೇಕು.

ಮುಂದಿನ ಸಲ ಮದುವೆಮನೆಯ ಪಂಕ್ತಿಯಲ್ಲಿ ಸಪೂರ ಹುಡುಗನೋ ಹುಡುಗಿಯೋ ಪಕ್ಕ ಕೂತರೆ, ಊಟ ಹಾಕುವುದಿಲ್ವಾ ಅಂತ ಕೇಳಬೇಡಿ. ಬಡಿಸುವವರನ್ನು ಕರೆದು ಆ ಎಲೆಗೆ ಇನ್ನೊಂದು ಸೌಟು ಗೇರುಬೀಜದ ಪಾಯಸ ಹಾಕಿಸಿ. ಅವರು ಸಾಕು ಅಂದಾಗ ಬಿಟ್ಟುಬಿಡಿ.